ಎಂಟುನೂರಾ ನಲವತ್ಮೂರು ಪಾಲುದಾರರು

ಕುಷ್ಟಗಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಮೂರು ಕಂಪ್ಯೂಟರು, ಒಂದು ಜೆರಾಕ್ಸ್ ಮಷಿನ್ನು, ಗೋಡೆಗೆ ಆನಿಸಿ ಹಾಕಿದ ಒಂದು ಉದ್ದ ಬೆಂಚು. ಅರ್ಜಿ ತುಂಬುವುದು, ರಿಸಲ್ಟ್ ತೆಗೆಯುವುದು, ಪಹಣಿ ಪ್ರಿಂಟು ಹಾಕುವುದು, ಮರೆತುಹೋದ ಪಾಸ್‌ವರ್ಡಿಗೆ ಒಂದು ಗತಿ ಕಾಣಿಸುವುದು ನನ್ನ ಕಸುಬು. ಈ ಕಸುಬಿಗೆ ಕೈ ಚುರುಕಿರಬೇಕು, ಕಣ್ಣು ಸ್ವಲ್ಪ ಮಂದವಿರಬೇಕು. ಯಾಕೆಂದರೆ ಈಗ ಎಷ್ಟೋ ವೆಬ್‌ಸೈಟ್‌ಗಳಲ್ಲಿ ಮೊದಲು ಒಂದು ಬಾಕ್ಸು ಅಡ್ಡ ಬಂದು ನಿಲ್ಲುತ್ತದೆ. ಕುಕಿ ಇಡುತ್ತೇವೆ, ಒಪ್ಪಿಗೆಯೇ ಎಂದು ಕೇಳುತ್ತದೆ. ಬಂದು ಹೋದವರ ಗುರುತನ್ನು ಅವರ ಕಂಪ್ಯೂಟರಿನಲ್ಲೇ ಬರೆದಿಡುವುದಕ್ಕೆ ಕುಕಿ ಎನ್ನುತ್ತಾರೆ, ಅಷ್ಟು ನನಗೆ ಗೊತ್ತು. ಅದಕ್ಕಿಂತ ಹೆಚ್ಚು ತಿಳಿಯುವ ಪುರುಸೊತ್ತು ನನಗಿಲ್ಲ. ಹಸಿರು ಬಣ್ಣದಲ್ಲಿ ದೊಡ್ಡದಾಗಿ ಕಾಣುವ 'ಎಲ್ಲ ಒಪ್ಪುತ್ತೇನೆ' ಎಂಬ ಗುಂಡಿ ಒತ್ತಿ ಮುಂದೆ ಹೋಗುತ್ತೇನೆ. ದಿನಕ್ಕೆ ನೂರು ಸಲ ಒತ್ತುತ್ತೇನೆ. ಯಾವುದಕ್ಕೆ ಒಪ್ಪಿದೆ ಎಂದು ಒಮ್ಮೆಯೂ ಓದಿ ನೋಡಿಲ್ಲ.

ಮೂರನೆಯ ಕಂಪ್ಯೂಟರಿನ ಮುಂದೆ ಕೂರುವ ಶಿವಬಸಮ್ಮ ಹಾಗಲ್ಲ. ಅವರು ಓದುತ್ತಾರೆ. ಬಾಕ್ಸಿನ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದಿ, ಗಿರಾಕಿಗೆ ಅರ್ಥ ಹೇಳಿ, ಒಪ್ಪಿಗೆಯೋ ಇಲ್ಲವೋ ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ, ಆಮೇಲೆ ಒತ್ತುತ್ತಾರೆ. ಇದರಿಂದ ನಾನು ಪಟ್ಟ ತಾಪತ್ರಯವನ್ನೂ ಆಡಬಾರದ ಮಾತು ಆಡಿದ್ದನ್ನೂ ಇದ್ದದ್ದು ಇದ್ದಂತೆ ಹೇಳುತ್ತೇನೆ.

ಶಿವಬಸಮ್ಮನವರಿಗೆ ಈಗ ಐವತ್ನಾಲ್ಕು. ರಿಜಿಸ್ಟ್ರಿ ಆಫೀಸಿನ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಕೂತು ಖರೀದಿ ಪತ್ರ, ಆಸ್ತಿ ಪಾಲಿನ ವಾಟ್ನಿ ಪತ್ರ, ಬಾಡಿಗೆ ಕರಾರು ಬರೆಯುತ್ತಿದ್ದ ದೊಡ್ಡಬಸಪ್ಪನವರ ಮಗಳು. ಪತ್ರ ಬರೆದವರು ಕೊನೆಯಲ್ಲಿ ತಮ್ಮ ಹೆಸರಿನ ಜೊತೆ 'ಬಿಕ್ಕಲಂ' ಎಂದು ಬರೆಯುತ್ತಾರೆ. ಹಾಗಾಗಿ ಊರಿನವರಿಗೆ ಅವರು ಬಿಕ್ಕಲಂ ದೊಡ್ಡಬಸಪ್ಪ, ಅವರು ಹೋದ ಮೇಲೆ ಇವರು ಬಿಕ್ಕಲಂ ಶಿವಬಸಮ್ಮ. ಮದುವೆಯಾಗಿಲ್ಲ. ಯಾಕೆ ಎಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಅಕ್ಷರ ಮಾತ್ರ ಮುತ್ತು. ನೋಂದಣಿಯೆಲ್ಲ ಆನ್‌ಲೈನ್ ಆದ ಮೇಲೆ ಬೇವಿನ ಗಿಡದ ಕೆಳಗೆ ಬರುವವರು ಕಡಿಮೆಯಾದರು. ಒಂದು ದಿನ ತಗಡಿನ ಪೆಟ್ಟಿಗೆ ಹಿಡಿದುಕೊಂಡು ನನ್ನ ಅಂಗಡಿಗೇ ಬಂದರು.

"ನೇತ್ರಾ, ನಿನ್ನಲ್ಲಿ ಒಂದು ಕುರ್ಚಿ ಐತೇನವಾ? ಕಂಪ್ಯೂಟರ್ ಕಲಿತೀನಿ. ಮನ್ಯಾಗ ಸುಮ್ನ ಕುಂತ್ರ ಹುಚ್ಚು ಹಿಡೀತೈತಿ ನನಗ."

ಕೊಟ್ಟೆ. ನಿಜಾಮರ ಕಾಲದ ಕಾಗದವನ್ನೂ ಓದಿ ಹೇಳುವವರು, ಸುತ್ತ ನಲವತ್ತು ಹಳ್ಳಿಯವರ ಅಪ್ಪ ಅಜ್ಜಂದಿರ ಹೆಸರು ಬಲ್ಲವರು. ಮೂರೇ ತಿಂಗಳಲ್ಲಿ ಟೈಪಿಂಗ್ ಕಲಿತರು. ಇಂಗ್ಲಿಷ್ ಪುಟವನ್ನು ಕನ್ನಡಕ್ಕೆ ತಿರುಗಿಸುವ ಗುಂಡಿ ಎಲ್ಲಿದೆ ಎಂದು ತೋರಿಸಿಕೊಟ್ಟವಳು ನಾನೇ. ಆ ಬುದ್ಧಿ ನನಗೆ ಯಾಕೆ ಬಂತೋ.

ಮೊದಲ ಗುದ್ದಾಟ ಶುರುವಾದದ್ದು ಟಿಪ್ಪುಸಾಬರು ಬಂದ ದಿನ. ಅವರದು ಗ್ಯಾರೇಜು. ಮಗಳ ರಿಸಲ್ಟ್ ನೋಡಲು ಬಂದಿದ್ದರು. ಯಾವುದೋ ಖಾಸಗಿ ರಿಸಲ್ಟ್ ವೆಬ್‌ಸೈಟು ತೆರೆದರೆ ಬಾಕ್ಸು ಬಂತು. ಶಿವಬಸಮ್ಮ ಕನ್ನಡಕ್ಕೆ ತಿರುಗಿಸಿ, ಚಾಳೀಸು ಏರಿಸಿ ಓದತೊಡಗಿದರು: "ನಾವು ಮತ್ತು ನಮ್ಮ ಎಂಟುನೂರಾ ನಲವತ್ಮೂರು ಪಾಲುದಾರರು ನಿಮ್ಮ ಸಾಧನದಲ್ಲಿ ಮಾಹಿತಿಯನ್ನು ಸಂಗ್ರಹಿಸುತ್ತೇವೆ."

ಅಲ್ಲಿಗೆ ನಿಂತರು. ನನ್ನ ಕಡೆ ತಿರುಗಿದರು.

"ನೇತ್ರಾ, ಎಂಟುನೂರಾ ನಲವತ್ಮೂರು ಮಂದಿ ಪಾಲುದಾರರಂತ. ಹೆಸರು ಎಲ್ಲ್ಯಾವ?"

"ಅದೆಲ್ಲಾ ಇರೂದ ಹಂಗ್ರಿ ಅಮ್ಮಾರ. ಹಸರ ಗುಂಡಿ ಒತ್ತಿಬಿಡ್ರಿ."

"ಹಂಗಂದ್ರ ಹ್ಯಾಂಗ? ಒಂದು ಗುಂಟೆ ಜಾಗಾ ಖರೀದಿ ಮಾಡಿದ್ರ ಪಾಲುದಾರನ ಹೆಸರು, ತಂದಿ ಹೆಸರು, ವಯಸ್ಸು, ಉದ್ಯೋಗ, ಸಾಕೀನು ಅಂದ್ರ ಇರೂ ಊರು, ಎಲ್ಲಾ ಬರೀತೀವಿ. ಇವರು ಯಾರ ಮಕ್ಕಳು, ಯಾವೂರವರು? ಟಿಪ್ಪುಸಾಬ್ರ, ನಿಮಗ ಗೊತ್ತದಾರೇನ್ರಿ?"

"ನನಗ್ಯಾರೂ ಗೊತ್ತಿಲ್ಲವಾ," ಎಂದರು ಟಿಪ್ಪುಸಾಬರು, ಏನೋ ತಪ್ಪು ಮಾಡಿದವರಂತೆ.

ಶಿವಬಸಮ್ಮ 'ಆಯ್ಕೆಗಳು' ಎಂದು ಸಣ್ಣ ಬೂದು ಅಕ್ಷರದಲ್ಲಿದ್ದುದನ್ನು ಹುಡುಕಿ ಒಳಗೆ ಹೋದರು. ಅಲ್ಲಿ ಉದ್ದಕ್ಕೂ ಹೆಸರುಗಳು. ಕೆಲವು ಹೆಸರಿನ ಮುಂದೆ ಆಗಲೇ ಟಿಕ್ ಬಿದ್ದಿತ್ತು. ಅದನ್ನು ನೋಡಿ ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ನಾವು ಹೂಂ ಅನ್ನೂಕಿಂತ ಮೊದಲ ಇವರ ಟಿಕ್ ಹಾಕಿಟ್ಟಾರ! ಮೊದಲ ಹೆಬ್ಬೆಟ್ಟು ಒತ್ತಿಸಿ ಆಮ್ಯಾಲೆ ಪತ್ರ ಬರೆದಂಗಾತು ಇದು. ಇಂಥಾ ಕೆಲಸ ಮಾಡಿದ ಬಿಕ್ಕಲಂನ ನಮ್ಮಪ್ಪ ಗಿಡದ ಕೆಳಗ ಕುಂಡ್ರಾಕ ಕೊಡತಿರಲಿಲ್ಲ."

ಟಿಕ್‌ಗಳನ್ನು ಒಂದೊಂದಾಗಿ ತೆಗೆದು ಮುಗಿಸುವಷ್ಟರಲ್ಲಿ ಟಿಪ್ಪುಸಾಬರ ಮಗಳೇ ಫೋನು ಮಾಡಿ, ಫಸ್ಟ್ ಕ್ಲಾಸಿನಲ್ಲಿ ಪಾಸಾದೆ ಎಂದು ಹೇಳಿದಳು.

ಇಷ್ಟಕ್ಕೇ ನಿಂತಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಮರುದಿನ ತಗಡಿನ ಪೆಟ್ಟಿಗೆಯಿಂದ ಒಂದು ಉದ್ದನೆಯ ನೋಟ್‌ಬುಕ್ ಹೊರಬಂತು. ದಿನಾಂಕ, ವೆಬ್‌ಸೈಟಿನ ಹೆಸರು, ಗಿರಾಕಿಯ ಹೆಸರು, ಒಪ್ಪಿದರೋ ಇಲ್ಲವೋ ಎಲ್ಲವನ್ನೂ ಬರೆದು, ಕೆಳಗೆ 'ಓದಿ ಹೇಳಲಾಗಿದೆ' ಎಂದು ಸೇರಿಸಿ ಗಿರಾಕಿಯ ಸಹಿ ತೆಗೆದುಕೊಳ್ಳತೊಡಗಿದರು. ಅದರ ಕೆಳಗೆ ಒಂದು ಸಾಕ್ಷಿ. ಬೆಂಚಿನ ಮೇಲೆ ಕೂತವರೇ ಸಾಕ್ಷಿದಾರರು. ಆಧಾರ್ ಕಾರ್ಡಿನ ಜೆರಾಕ್ಸಿಗೆ ಬಂದವನು ಯಾರೋ ಅಪರಿಚಿತನ ಕುಕಿಗೆ ಸಾಕ್ಷಿ ಹಾಕಿ ಹೋಗಬೇಕು. ಕೆಲವರಿಗೆ ಅದು ಮೋಜೆನಿಸಿತು. ಇಬ್ಬರು ಮುದುಕರು ಕೆಲಸವಿಲ್ಲದಿದ್ದರೂ ಸಾಕ್ಷಿ ಹಾಕಲೆಂದೇ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು.

ನನಗೆ ಮೋಜೆನಿಸಲಿಲ್ಲ. ಎದುರಿಗೇ ಯಂಕೇಶನ ಅಂಗಡಿ ಇದೆ. ಅವನದು ಬೆಂಕಿಯಂಥ ಕೈ. ಗಿರಾಕಿ ಬಾಯಿ ತೆರೆಯುವುದರೊಳಗೆ ನಾಲ್ಕು ಗುಂಡಿ ಒತ್ತಿ ಮುಗಿಸಿರುತ್ತಾನೆ. ನನ್ನ ಬೆಂಚಿನ ಜನ ಒಬ್ಬೊಬ್ಬರಾಗಿ ಓಣಿ ದಾಟತೊಡಗಿದರು. ಅವನು ಬಾಗಿಲಲ್ಲಿ ನಿಂತು ಹಲ್ಲು ಕಿರಿದು, "ಏನಕ್ಕಾ, ಪುರಾಣ ಎಲ್ಲೀತನ ಬಂತು?" ಎಂದು ಕೇಳುತ್ತಿದ್ದ.

ಕೊನೆಗೆ ರವಿಕುಮಾರನ ಪ್ರಸಂಗ ನಡೆಯಿತು. ಅವನು ನಮ್ಮ ಓಣಿಯವನೇ, ನೌಕರಿ ಪರೀಕ್ಷೆ ಬರೆಯಲು ಕೊಪ್ಪಳಕ್ಕೆ ಹೊರಟಿದ್ದ. ಹಾಲ್ ಟಿಕೆಟು ಪ್ರಿಂಟಾಗಬೇಕು, ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿದೆ. ಅವನ ಇ-ಮೇಲ್‌ಗೆ ಬಂದಿದ್ದ ಲಿಂಕು ನೇರವಾಗಿ ಹಾಲ್ ಟಿಕೆಟಿಗೆ ಹೋಗದೆ ಯಾವುದೋ ನೌಕರಿ ಸುದ್ದಿಯ ಪುಟಕ್ಕೆ ಹೋಯಿತು, ಬಾಕ್ಸು ಬಂತು. ನಾನು ಬ್ಯಾಂಕಿಗೆ ಹೋಗಿದ್ದೆ. ಶಿವಬಸಮ್ಮ ಮೂರನೆಯ ಪ್ಯಾರಾ ಓದುತ್ತಿರುವಾಗ ಹುಡುಗ ಅರ್ಧಕ್ಕೇ ಎದ್ದು ಯಂಕೇಶನಲ್ಲಿ ಪ್ರಿಂಟು ತೆಗೆಸಿ, ಚಲಿಸುವ ಬಸ್ಸಿಗೆ ಜೋತುಬಿದ್ದು ಹೋದನಂತೆ. ಸಂಜೆ ಬಂದು ನನ್ನ ಅಂಗಡಿಯ ಮುಂದೆ ನಿಂತು ಊರಿಗೆಲ್ಲ ಕೇಳುವ ಹಾಗೆ ಕೂಗಾಡಿದ. ಅವನ ಸಿಟ್ಟಿನಲ್ಲಿ ನ್ಯಾಯವಿತ್ತು.

ನನ್ನ ಪಿತ್ತ ನೆತ್ತಿಗೇರಿತು. ಅವನು ಹೋದ ಮೇಲೆ ಹೇಳಿದೆ: "ಅಮ್ಮಾರ, ಇದು ರಿಜಿಸ್ಟ್ರಿ ಆಫೀಸ್ ಅಲ್ರಿ, ಆನ್‌ಲೈನ್ ಸೆಂಟರ್. ಬಾಕ್ಸ್ ಬಂದ್ರ ಹಸರ ಗುಂಡಿ ಒತ್ತಬೇಕು. ಓದೂದು, ಸಾಕ್ಷಿ, ಸಹಿ ಇವೆಲ್ಲಾ ಬಂದ್. ಶನಿವಾರದ ತನಾ ನೋಡತೀನಿ. ಆಗೂದಿಲ್ಲ ಅಂದ್ರ ನೀವು ಮನ್ಯಾಗ ಇರ್ರಿ."

ನಮ್ಮಪ್ಪನ ವಯಸ್ಸಿನವರು ಶಿವಬಸಮ್ಮನವರ ಎದುರು ಕೈಕಟ್ಟಿ ನಿಂತಿದ್ದನ್ನು ನಾನು ಸಣ್ಣವಳಿದ್ದಾಗ ಕಂಡಿದ್ದೇನೆ. ಅಂಥವರಿಗೆ ಹೀಗೆ ಹೇಳಿದೆ. ಅವರು ವಾದ ಮಾಡಲಿಲ್ಲ. "ಆತು ಬಿಡವಾ," ಎಂದು ನೋಟ್‌ಬುಕ್ಕನ್ನು ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಿದರು.

ಮರುದಿನ ಮಂಗಳವಾರದಿಂದ ಅವರೂ ಹಸಿರು ಗುಂಡಿ ಒತ್ತತೊಡಗಿದರು. ಒತ್ತುವಾಗ ಒಂದು ಗಳಿಗೆ ಬೇರೆ ಕಡೆ ನೋಡುತ್ತಿದ್ದರು. ನಾಲ್ಕು ಗಂಟೆಯ ಚಹಾ ಬೇಡವೆನ್ನುತ್ತಿದ್ದರು. ಕೆಲಸ ಮಾತ್ರ ಸರಸರ ಸಾಗಿತು, ಬೆಂಚು ಮತ್ತೆ ತುಂಬಿತು. ಶುಕ್ರವಾರದ ಹೊತ್ತಿಗೆ ನಾನು ಗೆದ್ದೆ ಎಂದುಕೊಂಡೆ. ಆದರೂ ಅವರ ಕುರ್ಚಿಯ ಕಡೆ ನೋಡಿದಾಗ ನನಗೆ ಅಷ್ಟೇನೂ ಸಂತೋಷವಾಗುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಹನುಮಸಾಗರದ ಬಸ್ಸಿನಿಂದ ಇಳಿದ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತಳು. ಅರವತ್ತು ದಾಟಿದ ವಯಸ್ಸು, ಬಳೆಯಿಲ್ಲದ ಕೈ, ಬೆರಳ ಸಂದಿಯಲ್ಲಿ ಜೋಳದ ಹಿಟ್ಟು. ಶಿವಬಸಮ್ಮನನ್ನೇ ದಿಟ್ಟಿಸಿ ನೋಡಿ, ಬೆಂಚಿನಲ್ಲಿ ಜನ ಇದ್ದರೂ ನೇರ ಹೋಗಿ ಅವರ ಪಕ್ಕದ ಸ್ಟೂಲಿನ ಮೇಲೆ ಕೂತಳು. ಸೆರಗಿನ ಗಂಟಿನಿಂದ ಒಂದು ಗ್ಯಾರಂಟಿ ಕಾರ್ಡು ತೆಗೆದಳು.

"ನಮ್ಮ ಸಂಘದ ರೊಟ್ಟಿ ಮಷಿನ್ ನಿಂತೈತ್ರಿ. ಮೋಟಾರ ಸುತ್ತವಲ್ದು. ಗ್ಯಾರಂಟಿ ಇವತ್ತಿಗೆ ಮುಗೀತೈತಂತ, ಕಂಪನಿಗೆ ಇದರಾಗ ಬರದು ಹಾಕಬೇಕಂತ. ಹತ್ತು ಮಂದಿ ಹೆಣ್ಮಕ್ಕಳು ಕೈಕಟ್ಟಿಗೊಂಡು ಕುಂತೀವಿ."

ಶಿವಬಸಮ್ಮ ಕಾರ್ಡು ತಿರುಗಿಸಿ ಕಂಪನಿಯ ವೆಬ್‌ಸೈಟು ಟೈಪ್ ಮಾಡಿದರು. ಪುಟ ಬಂತು, ಅದರ ಮೇಲೆ ಬಾಕ್ಸು ಬಂತು. ಹಸಿರು ಗುಂಡಿಯ ಮೇಲೆ ಬಾಣ ಇಟ್ಟು ಅವರು ಕಾರ್ಡಿನ ಮೇಲೆ ಬರೆದಿದ್ದ ಹೆಸರನ್ನು ಓದಿದರು. "ಗಾಳೆಮ್ಮ, ತಂದೆ ಆದೆಪ್ಪ, ಹನುಮಸಾಗರ."

ಮೌಸಿನ ಮೇಲಿದ್ದ ಕೈ ಹಾಗೇ ಉಳಿಯಿತು.

ನಾನು ನನ್ನ ಜಾಗದಿಂದಲೇ ಕೂಗಿದೆ. "ಒತ್ರಿ ಅಮ್ಮಾರ, ಬೆಂಚ್ ತುಂಬೇತಿ."

ಅವರು ನನ್ನ ಕಡೆ ತಿರುಗಿದರು. "ನೇತ್ರಾ, ಇದೊಂದು ನಾ ಓದತೀನಿ. ಆಮ್ಯಾಲೆ ನೀ ಹೋಗಂದ್ರ ಹೋಗತೀನಿ."

ಓದಿದರು. ಮೊದಲ ಸಾಲಿನಿಂದ ಓದಿದರು. ಈ ಕಂಪನಿ ನಿನ್ನ ಗುರುತು ಇಟ್ಟುಕೊಳ್ಳುತ್ತದೆ, ಯಾವೂರಿನಿಂದ ನೋಡಿದಿ ಎಂದು ಬರೆದುಕೊಳ್ಳುತ್ತದೆ, ನೀನು ಏನು ಹುಡುಕಿದಿ ಎಂಬುದನ್ನು ಬೇರೆಯವರಿಗೂ ಹೇಳುತ್ತದೆ ಎಂದು ಒಂದೊಂದನ್ನೂ ಬಿಡಿಸಿ ಹೇಳಿದರು. ಇದರಲ್ಲೂ ಪಾಲುದಾರರಿದ್ದರು, ಇನ್ನೂರಕ್ಕೂ ಹೆಚ್ಚು. ಪಟ್ಟಿ ತೆರೆದು ಹೆಸರುಗಳನ್ನೂ ಓದಿದರು. ಗಾಳೆಮ್ಮ ಗಲ್ಲಕ್ಕೆ ಕೈ ಹಚ್ಚಿ ಕೇಳುತ್ತ ಕೂತಳು. ಒಂದು ಸಲವೂ ಬೇಗ ಎನ್ನಲಿಲ್ಲ. ಬೆಂಚಿನಿಂದ ಒಬ್ಬರು ಎದ್ದರು, ಇಬ್ಬರು ಎದ್ದರು. ಮುಕ್ಕಾಲು ಗಂಟೆಯಲ್ಲಿ ಬೆಂಚು ಖಾಲಿಯಾಯಿತು. ಎದುರಿನ ಬಾಗಿಲಲ್ಲಿ ಯಂಕೇಶ ಹಲ್ಲು ಕಿರಿಯುತ್ತಿದ್ದ. ಬೈಯಲೆಂದು ನಾನು ಎದ್ದು ಹತ್ತಿರ ಹೋದೆ. ಆಗ ಶಿವಬಸಮ್ಮ ಓದುವುದನ್ನು ಮುಗಿಸಿ ಚಾಳೀಸು ತೆಗೆದಿದ್ದರು.

"ಗಾಳೆಮ್ಮಕ್ಕ, ನನ್ನ ಗುರ್ತು ಸಿಗಲಿಲ್ಲೇನು?"

"ಬಾಗಿಲದಾಗ ನಿಂತಾಗ ಸಿಕ್ಕೈತಿ," ಎಂದಳು ಗಾಳೆಮ್ಮ. "ಬಿಕ್ಕಲಂ ದೊಡ್ಡಬಸಪ್ಪನ ಮಗಳು ನೀನು. ಅವತ್ತು ನೀಲಿ ಸೀರಿ ಉಟ್ಟಿದ್ದಿ."

ಆಮೇಲೆ ಶಿವಬಸಮ್ಮ ಹೇಳಿದ್ದು ನನಗೋ ಅವಳಿಗೋ ತಿಳಿಯಲಿಲ್ಲ. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ದೊಡ್ಡಬಸಪ್ಪ ಜ್ವರ ಬಂದು ಮಲಗಿದ್ದರು, ಗಿಡದ ಕೆಳಗೆ ಮಗಳೊಬ್ಬಳೇ. ಒಂದೇ ದಿನ ಹನ್ನೊಂದು ಪತ್ರ. ಗಾಳೆಮ್ಮನ ಅಣ್ಣಂದಿರು ತಂಗಿಯನ್ನು ಕರೆದುಕೊಂಡು ಬಂದಿದ್ದರು. ಅಪ್ಪ ತೀರಿಕೊಂಡಿದ್ದಾನೆ, ಪಹಣಿಯಲ್ಲಿ ಹೆಸರು ಬದಲಾಗಬೇಕು ಎಂದು ತಂಗಿಗೆ ಹೇಳಿದ್ದರು. ಬರೆಸಿದ್ದು ಹಕ್ಕು ಬಿಡುಗಡೆ ಪತ್ರ. ಅಪ್ಪನ ಹೊಲದಲ್ಲಿ ನನ್ನ ಪಾಲು ನನಗೆ ಬೇಡ, ಸ್ವಖುಷಿಯಿಂದ ಬಿಟ್ಟುಕೊಟ್ಟಿದ್ದೇನೆ ಎಂಬ ಪತ್ರ.

"ಓದತೀನಿ ಅಂದೆ. ನಿಮ್ಮ ದೊಡ್ಡಣ್ಣ, ಊರ ಬಸ್ ಹೋಗತೈತಿ, ಓದೂದೇನೈತಿ ಅಂದ. ನಾ ಬಿಟ್ಟೆ. ಹಿಂದ ಇನ್ನಾ ನಾಲ್ಕು ಮಂದಿ ನಿಂತಿದ್ರು. ಓದಿ ಹೇಳಲಾಗಿ ಕೇಳಿ ಒಪ್ಪಿರುತ್ತೇನೆ ಅಂತ ಛಂದಗೆ ಬರದೆ. ಒಳಗ ಸಾಹೇಬ್ರು, ಓದಿ ಹೇಳ್ಯಾರೇನವಾ ಅಂತ ಕೇಳಿದಾಗ ನೀ ನನ್ನ ಮಾರಿ ನೋಡಿ ಹೂಂ ಅಂದಿ."

ಮುಂದಿನ ವರ್ಷ ಗಾಳೆಮ್ಮನ ಗಂಡ ತೀರಿಕೊಂಡ. ತವರಿಗೆ ಬಂದು ಮೂಲೆಯ ಒಂದು ಎಕರೆ ಬಿತ್ತುತ್ತೇನೆ ಎಂದಾಗ ಅಣ್ಣಂದಿರು ಆ ಕಾಗದ ತೋರಿಸಿದರು. ಅದನ್ನು ಓದಿಸಲು ಅವಳು ರಿಜಿಸ್ಟ್ರಿ ಆಫೀಸಿಗೇ ಬಂದಿದ್ದಳು. ಅವಳನ್ನು ದೂರದಿಂದ ಕಂಡ ಶಿವಬಸಮ್ಮ ಜೆರಾಕ್ಸ್ ಅಂಗಡಿಯ ಹಿಂದೆ ಹೋಗಿ ನಿಂತುಕೊಂಡಿದ್ದರಂತೆ. ಬಸ್ಸು ಬಿಡುವವರೆಗೆ ಈಚೆಗೆ ಬರಲಿಲ್ಲವಂತೆ.

ಬೈಯಲು ಬಂದ ನನಗೆ, ಶಿವಬಸಮ್ಮನವರಿಗೆ ಶನಿವಾರದ ಗಡುವು ಕೊಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು.

ಗಾಳೆಮ್ಮ ಎಲ್ಲವನ್ನೂ ಕೇಳಿದಳು. ಅಳಲಿಲ್ಲ, ಕೂಗಲಿಲ್ಲ.

"ಕುಷ್ಟಗ್ಯಾಗ ಒಬ್ಬಾಕಿ ಎಲ್ಲಾ ಓದಿ ಹೇಳಿ ತಲಿ ತಿಂತಾಳಂತ ಬಸ್ಸಿನ್ಯಾಗ ಯಾರೋ ಅನ್ನಾಕತ್ತಿದ್ರು. ನಿನ್ನ ಹೆಸರು ಹೇಳಿದ್ರು. ನೋಡೂಣು, ಈ ಸಲರೆ ಓದತಾಳೋ ಇಲ್ಲೋ ಅಂತ ಬಂದೆ. ನೀ ಸುಮ್ನ ಒತ್ತಿದ್ರ ಎದ್ದು ಹೋಗತಿದ್ದೆ." ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಮತ್ತೆ ಹೇಳಿದಳು: "ಅವತ್ತು ನೀ ಓದಿದ್ರೂ ನಾ ಹೆಬ್ಬೆಟ್ಟು ಒತ್ತತಿದ್ನೇನೋ. ಅಣ್ಣಗೋಳ ಮಾರಿ ಮುಂದ ಒಲ್ಲೆ ಅನ್ನೂ ಧೈರ್ಯ ನನಗೆಲ್ಲಿತ್ತು? ಆದ್ರ ಏನು ಕೊಟ್ಟೆ ಅಂತರೆ ಗೊತ್ತಿರತಿತ್ತು. ಗೊತ್ತಿಲ್ದ ಕೊಟ್ಟೆ ನೋಡು, ಅದ ಭಾಳ ಸುಡತೈತಿ."

ಶಿವಬಸಮ್ಮ ಕಣ್ಣೊರೆಸಿಕೊಂಡು ಪರದೆಯ ಕಡೆ ಕೈ ತೋರಿಸಿದರು.

"ಅಕ್ಕಾ, ಇದಕ್ಕೇನಂತಿ? ಒಪ್ಪಿಗಿ ಐತೇನು?"

"ಒಲ್ಲೆ ಅಂದ್ರ ಮಷಿನ್ ರಿಪೇರಿ ಮಾಡೂದಿಲ್ಲೇನು ಅವರು?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಹಂಗಿದ್ರ ಒಲ್ಲೆ," ಎಂದಳು ಗಾಳೆಮ್ಮ. ಹೇಳಿ ನನ್ನ ಕಡೆಯೂ ಒಮ್ಮೆ ನೋಡಿದಳು, ಯಾರಾದರೂ ಬೈಯುತ್ತಾರೇನೋ ಎಂಬಂತೆ.

ಶಿವಬಸಮ್ಮ ಪಟ್ಟಿಯ ತಳದಲ್ಲಿದ್ದ 'ಎಲ್ಲ ನಿರಾಕರಿಸು' ಎಂಬ ಗುಂಡಿಯ ಮೇಲೆ ಬಾಣ ಇಟ್ಟು, ಮೌಸನ್ನು ಅವಳ ಕಡೆ ಸರಿಸಿದರು. ಯಾವ ಬೆರಳಿನಿಂದ ಒತ್ತಬೇಕು ಎಂದು ಹೇಳಲಿಲ್ಲ. ಗಾಳೆಮ್ಮ ತನಗೆ ಗೊತ್ತಿದ್ದ ಬೆರಳಿನಿಂದಲೇ, ಹೆಬ್ಬೆರಳಿನಿಂದ, ಗಟ್ಟಿಯಾಗಿ ಒತ್ತಿದಳು. ಒತ್ತಿ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಮಸಿ ಇರಲಿಲ್ಲ.

ಬಾಕ್ಸು ಹೋಯಿತು. ಹಿಂದಿನ ಪುಟ ಪೂರ್ತಿ ಕಾಣಿಸಿತು. ದೂರು ಬರೆಯುವ ಜಾಗ, ಮಷಿನ್ ನಂಬರಿನ ಜಾಗ, ಎಲ್ಲ ಇದ್ದವು.

"ಒಲ್ಲೆ ಅಂದ್ರೂ ಬಾಗಿಲಾ ತಗೀತಲ್ಲ?" ಎಂದಳು ಗಾಳೆಮ್ಮ.

"ತಗೀತೈತಕ್ಕ."

ಅವಳು ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು: "ಅವತ್ತೂ ನಾ ಒಲ್ಲೆ ಅನ್ನಬಹುದಿತ್ತೇನು?"

"ಅನ್ನಬಹುದಿತ್ತು," ಎಂದರು ಶಿವಬಸಮ್ಮ. "ನಾ ಹೇಳಲಿಲ್ಲ."

ಮಷಿನ್ನಿನ ದೂರು ಹತ್ತು ನಿಮಿಷದಲ್ಲಿ ಮುಗಿಯಿತು. ದೂರಿನ ನಂಬರು ಬಂತು, ಪ್ರಿಂಟು ತೆಗೆದು ಕೊಟ್ಟೆ. ಗಾಳೆಮ್ಮ ಅದನ್ನು ಮಡಚಿ ಸೆರಗಿನ ಗಂಟಿನಲ್ಲಿಟ್ಟುಕೊಂಡಳು. ಎದ್ದು ನಿಂತವಳು ತಗಡಿನ ಪೆಟ್ಟಿಗೆಯ ಕಡೆ ನೋಡಿದಳು.

"ನೋಟ್‌ಬುಕ್ಕಿನ್ಯಾಗ ಬರದು ಸಹಿ ತಗೋತಾಳ ಅಂತಿದ್ರಲ್ಲ. ನಂದು ಬರಕೊಳ್ಳೂದಿಲ್ಲೇನು?"

ಶಿವಬಸಮ್ಮ ನನ್ನ ಮುಖ ನೋಡಿದರು. ನಾನೇ ಹೋಗಿ ಪೆಟ್ಟಿಗೆಯ ಚಿಲಕ ತೆಗೆದೆ. ಅವರು ದಿನಾಂಕ ಬರೆದರು, ಗಾಳೆಮ್ಮ, ತಂದೆ ಆದೆಪ್ಪ, ಸಾಕೀನು ಹನುಮಸಾಗರ ಎಂದು ಬರೆದರು, ಒಪ್ಪಿಲ್ಲ ಎಂದು ಬರೆದರು. ಅಲ್ಲಿಗೆ ಪೆನ್ನು ನಿಂತಿತು.

"ಬರಿಯವಾ," ಎಂದಳು ಗಾಳೆಮ್ಮ. "ಓದಿ ಹೇಳ್ಯಾಳ ಅಂತ ಬರಿ. ಈ ಸಲ ಖರೇ ಐತಲ್ಲ."

ಶಿವಬಸಮ್ಮ ಬರೆದರು. ಗಾಳೆಮ್ಮ ಹೆಬ್ಬೆಟ್ಟು ಒತ್ತಿದಳು. ಕೆಳಗೆ ಸಾಕ್ಷಿಯ ಜಾಗ ಉಳಿದಿತ್ತು. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಪೆನ್ನು ಇಸಿದುಕೊಂಡು ನಾನೇ ಸಹಿ ಮಾಡಿದೆ.